ಹರಪನಹಳ್ಳಿ ತನಕ ಒಂದೇ ಉಸಿರು

ಕೂಡ್ಲಿಗಿಯಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಬೇವಿನ ಮರದ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಅದು ಹುಲುಗಣ್ಣನ ಕಲ್ಲು. ಅವನು ಅದರ ಮೇಲೆ ಕೂತದ್ದನ್ನು ಯಾರೂ ನೋಡಿಲ್ಲ. ಒಂದು ಕಾಲನ್ನು ಮಾತ್ರ ಅದರ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು, ಹೆಗಲ ಟವೆಲ್ಲು ಸರಿಮಾಡಿಕೊಂಡು, ಕೋಟೆ ಗೆದ್ದ ಪಾಳೇಗಾರನಂತೆ ನಿಲ್ಲುತ್ತಿದ್ದ.

ಅವನ ಉದ್ಯೋಗ ಬಸ್ ಏಜೆಂಟನದು. ಬಸ್ಸು ಯಾವ್ಯಾವ ಊರಿಗೆ ಹೋಗುತ್ತದೆಂದು ಕೂಗಿ ಜನರನ್ನು ಹತ್ತಿಸುವುದು, ಅಷ್ಟೇ ಕೆಲಸ ಎಂದು ನಾವು ಅಂದುಕೊಳ್ಳಬಹುದು. ಹುಲುಗಣ್ಣ ಹಾಗೆ ಅಂದುಕೊಂಡಿರಲಿಲ್ಲ. ಬಸ್ಸು ಡೀಸೆಲ್ಲಿನಿಂದ ಓಡುತ್ತದೆ ಎನ್ನುವುದು ಅವನ ಪ್ರಕಾರ ಓದಿದವರ ಮೂಢನಂಬಿಕೆ. ತಾನು ಕೂಗದಿದ್ದರೆ ಅದು ಹೇಗೆ ಹೊರಡುತ್ತದೋ ಒಂದು ದಿನ ನೋಡಿಯೇಬಿಡೋಣ ಎಂದು ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತಿದ್ದ. ಹೇಳುತ್ತಿದ್ದ ಅಷ್ಟೇ, ಕೂಗುವುದನ್ನು ಮಾತ್ರ ಒಂದು ದಿನವೂ ಬಿಟ್ಟು ನೋಡಿರಲಿಲ್ಲ.

ಅವನ ಕೀರ್ತಿಯೆಲ್ಲ ನಿಂತದ್ದು ಹನ್ನೊಂದೂಕಾಲರ ಬಸ್ಸಿನ ಮೇಲೆ. ಕಾನಹೊಸಹಳ್ಳಿಯಿಂದ ಬರುವ ಆ ಬಸ್ಸು ಕಡೆಗೆ ಹೋಗಿ ಸೇರುವುದು ಹರಪನಹಳ್ಳಿಗೆ, ಆದರೆ ನೆಟ್ಟಗೆ ಹೋಗುವುದಿಲ್ಲ. ಕೊಟ್ಟೂರಿಗೆ ಬಂದಮೇಲೆ ಹತ್ತಿರದ ದಾರಿ ಬಿಟ್ಟು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ನೆಂಟರ ಮನೆಗಳನ್ನೆಲ್ಲ ಮುಗಿಸಿಕೊಂಡು ಹೋಗುವವರ ಹಾಗೆ ಸುತ್ತಿ ಹೋಗುತ್ತದೆ. ಈ ನಾಲ್ಕೂ ಊರನ್ನು ಹುಲುಗಣ್ಣ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ.

“ಕೊಟ್ಟೂರ್ ಹಗರಿಬೊಮ್ಮನಹಳ್ಳಿ ಹಡಗಲಿ ಹರಪನಹಳ್ಳೀ...!”

ಆ ಕೊನೆಯ ‘ಳ್ಳೀ’ ಎಷ್ಟು ಉದ್ದವೆಂದರೆ, ಅದು ಶುರುವಾದಮೇಲೆ ಡ್ರೈವರ್ ಚೌಡಣ್ಣ ಚಹಾದ ಲೋಟ ಬರಿದುಮಾಡಿ, ಬಾಯಿ ಒರೆಸಿಕೊಂಡು, ಸೀಟಿಗೆ ಬಂದು ಕೂತು, ಚಪ್ಪಲಿ ಬಿಚ್ಚಿ ಬದಿಗಿಡುತ್ತಿದ್ದ.

ಬಸ್ಸಿನ ಹಣೆಗೆ ಬೋರ್ಡೂ ಇತ್ತು. ಅದು ಹಿಂದಿನ ಮಾಲೀಕನ ಕಾಲದ್ದು. ಅದರಲ್ಲಿ ಹೊಸದುರ್ಗ ಎಂದಿತ್ತು. ಬಣ್ಣ ಇನ್ನೂ ಚೆನ್ನಾಗಿದೆಯೆಂದು ಈಗಿನ ಮಾಲೀಕ ಗುರುಸಂಗಪ್ಪನವರು ಅದನ್ನು ಅಳಿಸಿರಲಿಲ್ಲ. ಹಾಗಾಗಿ ಜನ ಬೋರ್ಡನ್ನು ಬಿಟ್ಟು ಹುಲುಗಣ್ಣನ ಉಸಿರನ್ನೇ ಓದುತ್ತಿದ್ದರು. ಹತ್ತೂವರೆಯ ಬಸ್ಸಿಗೆ “ಕೊಟ್ಟೂರೂ” ಎಂದು ನಿಲ್ಲಿಸಿದರೆ ಅದು ಕೊಟ್ಟೂರು ದಾಟುವುದಿಲ್ಲ. ಹುಲುಗಣ್ಣನ ಉಸಿರು ಯಾವ ಊರಿಗೆ ನಿಂತಿತೋ ಬಸ್ಸೂ ಅದೇ ಊರಿಗೆ ನಿಂತಿತು. ಇದು ಆ ಮರದ ಕೆಳಗಿನ ಕಾನೂನು.

ಕುತ್ತು ಬಂದದ್ದು ಆ ಉಸಿರಿಗೇ.

ಮೊದಲು ಕೆಮ್ಮು ಬಂತು. ದಿನಕ್ಕೆರಡು ಕಟ್ಟು ಬೀಡಿ ಸೇದುವವನಿಗೆ ಕೆಮ್ಮು ಬಂದರೆ ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಅಭ್ಯಾಸ ಎನ್ನುತ್ತಾರೆ. ಆಮೇಲೆ ಕಫದಲ್ಲಿ ರಕ್ತ ಕಂಡಿತು. ಹೆಂಡತಿ ಜಂಬಕ್ಕ ಅವನ ಮಾತು ಕೇಳದೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಬಲಗಡೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಬೇಗ ಸಿಕ್ಕಿದೆ, ಅಷ್ಟು ಭಾಗವನ್ನು ಕತ್ತರಿಸಿ ತೆಗೆದರೆ ಬದುಕುತ್ತೀರಿ ಎಂದರು ಡಾಕ್ಟರು. ತೆಗೆದರು. ಬದುಕಿದ.

ಡಾಕ್ಟರು ಚಿತ್ರ ಬರೆದು ತಿಳಿಸಿದ್ದರು: ಬಲಗಡೆ ಮೂರು ಭಾಗ, ಎಡಗಡೆ ಎರಡು, ಒಟ್ಟು ಐದು, ಅದರಲ್ಲಿ ಒಂದನ್ನು ತೆಗೆದಿದ್ದೇವೆ. ಐದು ಎಂದ ಕೂಡಲೇ ಹುಲುಗಣ್ಣನಿಗೆ ತನ್ನ ಬಸ್ಸಿನ ದಾರಿಯ ಐದು ತಾಲ್ಲೂಕುಗಳ ಲೆಕ್ಕದಲ್ಲಿ ಎಲ್ಲವೂ ಅರ್ಥವಾಗಿಬಿಟ್ಟಿತು. ನೋಡಲು ಬಂದವರಿಗೆಲ್ಲ ಎದೆ ಮುಟ್ಟಿ ತೋರಿಸುತ್ತಿದ್ದ.

“ಇದು ಕೂಡ್ಲಿಗಿ, ಇದು ಕೊಟ್ಟೂರು. ಈ ಕಡಿ ಹಗರಿಬೊಮ್ಮನಹಳ್ಳಿ, ಹಡಗಲಿ. ಇಲ್ಲಿ ಕೆಳಗ ಹರಪನಹಳ್ಳಿ ಇತ್ತು ನೋಡು, ಅದನ್ನ ತೆಗದಾರ.”

“ಚಿಂತಿ ಬ್ಯಾಡ ಬಿಡಲೇ ಹುಲುಗ,” ಎಂದ ಚೌಡಣ್ಣ. “ಹರಪನಹಳ್ಳಿ ಹಿಂದೂ ಒಮ್ಮೆ ನಮ್ಮ ಜಿಲ್ಲಾ ಬಿಟ್ಟು ದಾವಣಗೆರಿಗೆ ಹೋಗಿತ್ತಲ್ಲ. ಇಪ್ಪತ್ತು ವರ್ಷಕ್ಕ ವಾಪಸ್ ಬರಲಿಲ್ಲೇನು?”

ಮನೆಗೆ ಬರುವಾಗ ಒಂದು ಆಕ್ಸಿಜನ್ ಮಷಿನ್ನು ಕೂಡ ಬಂತು. ಮೂಗಿಗೆ ಸಣ್ಣ ಕೊಳವೆ, ಕೊಳವೆಗೆ ಉದ್ದನೆಯ ಪೈಪು, ಪೈಪಿನ ತುದಿಗೆ ಹಗಲೂ ರಾತ್ರಿ ಗೊರ್ರೆನ್ನುವ ಪೆಟ್ಟಿಗೆ. ಗಾಳಿಯ ಅಳತೆಯನ್ನು ಎರಡರಲ್ಲೇ ಇಡಬೇಕು, ಡಾಕ್ಟರು ಹೇಳದೆ ಏರಿಸಬಾರದು ಎಂದು ಕಟ್ಟಪ್ಪಣೆಯಾಗಿತ್ತು. ಪೈಪು ಎಳೆದಷ್ಟು ದೂರ ಹುಲುಗಣ್ಣನ ರಾಜ್ಯ: ಹಾಸಿಗೆಯಿಂದ ಹೊಸ್ತಿಲು, ಹೊಸ್ತಿಲಿನಿಂದ ಕಟ್ಟೆ. ಕಟ್ಟೆಯ ತುದಿಗೆ ಹೋದರೆ ಮೂಗು ಜಗ್ಗುತ್ತಿತ್ತು. ಎದುರಿನ ಗೂಟದಲ್ಲಿ ಅವನ ಎಮ್ಮೆಯೂ ಅಷ್ಟೇ ಉದ್ದದ ಹಗ್ಗದಲ್ಲಿ ನಿಂತಿತ್ತು. ಮೊದಲ ವಾರ ಇಬ್ಬರೂ ಒಬ್ಬರನ್ನೊಬ್ಬರು ಹೆಚ್ಚು ನೋಡಲಿಲ್ಲ.

ಜಂಬಕ್ಕನಿಗೆ ಮಾತ್ರ ಆ ಮಷಿನ್ನು ವರವಾಯಿತು. ಆಕ್ಸಿಜನ್ ಇರುವ ಕಡೆ ಬೆಂಕಿ ಬರಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದೇ ತಡ, ಒಲೆಯನ್ನು ಹಿತ್ತಲಿಗೆ ಸಾಗಿಸಿದಳು; ಗಂಡನ ಬೀಡಿಯ ಗೆಳೆಯರನ್ನು ಬೀದಿಯ ಆಚೆ ನಿಲ್ಲಿಸಿದಳು.

“ಅಲ್ಲೇ ನಿಂತು ಮಾತಾಡ್ರಿ. ಕಿಸೆದಾಗ ಕಡ್ಡಿಪೆಟ್ಟಿಗಿ ಇದ್ರ ಅದೂ ಆ ಕಡೇನ ಇರ್ಲಿ.”

“ಹಚ್ಚಿಲ್ಲಬೇ ಜಂಬಕ್ಕ!”

“ನಿಮ್ಮ ಮಾರಿ ನೋಡಿದ್ರ ಹಚ್ಚಿದಂಗ ಐತಿ.”

ಮೂವತ್ತು ವರ್ಷ ಜಗಳವಾಡಿಯೂ ಬಿಡಿಸಲಾಗದ ಬೀಡಿ ಹೀಗೆ ಒಂದು ಪೆಟ್ಟಿಗೆಯಿಂದ ಬಿಟ್ಟುಹೋಯಿತು.

ಉಸಿರಿನ ವ್ಯಾಯಾಮ ಕಲಿಸಲು ವಾರಕ್ಕೆರಡು ಸಲ ಬರುತ್ತಿದ್ದವಳು ಸಂಘಮಿತ್ರಾ, ಫಿಸಿಯೋಥೆರಪಿ ಓದಿ ಕೂಡ್ಲಿಗಿಯಲ್ಲೇ ಸಣ್ಣದೊಂದು ಕ್ಲಿನಿಕ್ ಇಟ್ಟಿದ್ದ ಹುಡುಗಿ. ಮೊದಲ ದಿನವೇ ಅವಳು ಒಂದು ಪ್ಲಾಸ್ಟಿಕ್ ಆಟಿಕೆಯಂಥದ್ದನ್ನು ಕೈಗಿಟ್ಟಳು. ಮೂರು ಗೂಡು, ಮೂರು ಬಣ್ಣದ ಗುಂಡು, ಪಕ್ಕದಲ್ಲಿ ಒಂದು ನಳಿಕೆ. “ಗುಂಡು ಮೇಲೇಳಬೇಕು ಅಣ್ಣಾರೆ,” ಎಂದಳು.

ಹುಲುಗಣ್ಣ ನಕ್ಕ. ಹರಪನಹಳ್ಳಿಯ ತನಕ ಕೂಗಿದವನಿಗೆ ಮೂರು ಗುಂಡು! ನಳಿಕೆಯನ್ನು ಬಾಯಿಗಿಟ್ಟು ಕಣ್ಣು ಹೊರಬರುವ ಹಾಗೆ ಊದಿದ. ಗುಂಡುಗಳು ಅಲ್ಲಾಡಲಿಲ್ಲ. ಮತ್ತೆ ಊದಿದ. ಹೊಲಿಗೆ ಹಾಕಿದ ಪಕ್ಕೆ ಚುರ್ ಎಂದಿತು. ಗುಂಡುಗಳು ತಮ್ಮ ಪಾಡಿಗೆ ತಾವಿದ್ದವು.

“ಈ ಮಷಿನ್ ಕೆಟ್ಟೈತಿ ಮೇಡಮ್ಮೋರೆ. ಬ್ಯಾರೆ ಕೊಡ್ರಿ.”

“ಕೆಟ್ಟಿಲ್ಲ. ನೀವು ಊದ್ತಾ ಇದೀರಿ. ಇದನ್ನ ಒಳಗೆ ಎಳ್ಕೋಬೇಕು. ನಿಧಾನಕ್ಕೆ, ಎಳನೀರು ಹೀರಿದಂಗೆ.”

ಇದು ಹುಲುಗಣ್ಣನ ತಲೆಗೆ ಹೋಗಲೇ ಇಲ್ಲ. ಇಪ್ಪತ್ತೆಂಟು ವರ್ಷ ಅವನಿಗೆ ಉಸಿರೆಂದರೆ ಹೊರಗೆ ಕೊಡುವ ಸಾಮಾನು. ಒಳಗೆ ಎಲ್ಲಿಂದ ಬರುತ್ತದೆಂದು ವಿಚಾರಿಸುವ ಗೋಜಿಗೆ ಅವನು ಹೋದದ್ದೇ ಇಲ್ಲ.

“ಒಳಗ ಎಳಕೊಂಡ್ರ ಜನಕ್ಕ ಕೇಳ್ಸತೈತೇನ್ರಿ?”

“ಒಳಗೆ ಎಳ್ಕೊಳ್ಳದಿದ್ರೆ ಹೊರಗೆ ಬಿಡಾಕೆ ಏನಿರುತ್ತೆ ಅಣ್ಣಾರೆ?”

ಹೀರಿದ. ಒಂದು ಗುಂಡು ಎದ್ದು, ನಾಚಿಕೊಂಡು, ಕೆಳಗಿಳಿಯಿತು. ಹುಲುಗಣ್ಣನಿಗೆ ಮೈಯೆಲ್ಲ ಬೆವರು.

“ನೀವು ಯಾವೂರೋರು ಮೇಡಮ್ಮೋರೆ?” ಎಂದು ಸುಧಾರಿಸಿಕೊಂಡು ಕೇಳಿದ.

“ಹರಪನಹಳ್ಳಿ.”

ಹುಲುಗಣ್ಣ ಎದೆಯ ಬಲಭಾಗವನ್ನು ಮುಟ್ಟಿಕೊಂಡು, ಅವಳನ್ನು ಬಹಳ ಮರುಕದಿಂದ ನೋಡಿ, ತಾಲ್ಲೂಕುಗಳ ಕಥೆ ಹೇಳಿದ. ಅವಳು ನಗಲಿಲ್ಲ. “ಸರಿಯಾಗಿ ಹೇಳಿದ್ರಿ. ಹೋದದ್ದು ವಾಪಸ್ ಬೆಳೆಯಲ್ಲ. ಆದ್ರೆ ಉಳಿದ ನಾಕು ತಾಲ್ಲೂಕು ಸ್ವಲ್ಪ ಹಿಗ್ಗಿ ಅದರ ಜಾಗ ತುಂಬ್ತಾವೆ, ಕೆಲಸಾನೂ ಹಂಚ್ಕೊಂತಾವೆ. ಅವಕ್ಕೆ ಕೆಲಸ ಕಲಿಸೋಕೇ ನಾನು ಬಂದಿರೋದು.”

ಅಂದಿನಿಂದ ಲೆಕ್ಕವೆಲ್ಲ ಊರುಗಳಲ್ಲೇ ನಡೆಯಿತು. ಒಂದು ಉಸಿರೆಳೆದುಕೊಂಡು, ಮೆಲ್ಲಗೆ ಊರುಗಳ ಹೆಸರು ಹೇಳಬೇಕು. ಎಲ್ಲಿಗೆ ಉಸಿರು ಮುಗಿಯುತ್ತದೋ ಅದನ್ನು ಸಂಘಮಿತ್ರಾ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮೊದಲ ವಾರ ಕೊಟ್ಟೂರು. ಎರಡನೆಯ ವಾರ ಹಗರಿಬೊಮ್ಮ ತನಕ. ‘ನಹಳ್ಳಿ’ ರಸ್ತೆಯಲ್ಲೇ ಉಳಿಯಿತು.

“ಎಚ್.ಬಿ. ಹಳ್ಳಿ ಅನ್ರಿ, ಚಿಕ್ಕದಾಗುತ್ತೆ,” ಎಂದು ಅವಳು ಸಲಹೆ ಕೊಟ್ಟಳು.

ಹುಲುಗಣ್ಣನಿಗೆ ಸಿಟ್ಟು ಬಂದು ಬೆರಳಿಗೆ ಹಚ್ಚಿದ್ದ ಆಕ್ಸಿಮೀಟರಿನಲ್ಲಿ ನಾಡಿ ಏರಿತು. “ಅದು ಬ್ಯಾಂಕಿನೋರು ಬರೆಯೋ ಹೆಸರ್ರೀ. ನಾನು ಸತ್ರೂ ಪೂರ್ತಿ ಅಂದೇ ಸಾಯ್ತೀನಿ.”

ಒಂದು ಬೆಳಗ್ಗೆ ಹುಲುಗಣ್ಣ ಹಾಸಿಗೆಯಲ್ಲಿ ಬಿದ್ದುಕೊಂಡು ಗುಂಡುಗಳ ಮೇಲೆ ಹಲ್ಲು ಮಸೆಯುತ್ತಿದ್ದಾಗ, ಹನ್ನೊಂದೂಕಾಲಕ್ಕೆ ಸರಿಯಾಗಿ, ಬಸ್ ನಿಲ್ದಾಣದ ದಿಕ್ಕಿನಿಂದ ಒಂದು ದನಿ ಕೇಳಿಬಂತು.

“ಕೊಟ್ಟೂರ್ ಹಗರಿಬೊಮ್ಮನಹಳ್ಳಿ ಹಡಗಲಿ ಹರಪನಹಳ್ಳೀ...!”

ಹುಲುಗಣ್ಣ ಇಲ್ಲಿದ್ದ. ದನಿ ಹುಲುಗಣ್ಣನದೇ, ಅಲ್ಲಿತ್ತು. ಅವನು ಗಾಬರಿಯಾಗಿ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

ಸಂಜೆ ಚೌಡಣ್ಣ ಬೀದಿಯ ಆಚೆ ನಿಂತು ತಪ್ಪೊಪ್ಪಿಕೊಂಡ. ಎರಡು ವರ್ಷದ ಹಿಂದೆ “ನನ್ನ ದನಿ ಮುಂದಿನೋರಿಗೆ ಉಳೀಬೇಕು, ಹಿಡ್ಕೊಳಲೇ” ಎಂದು ಹುಲುಗಣ್ಣನೇ ಬಲವಂತ ಮಾಡಿ ಅವನ ಮೊಬೈಲಿನಲ್ಲಿ ಮೂರು ಸಲ ಕೂಗಿ ರೆಕಾರ್ಡು ಮಾಡಿಸಿದ್ದ. ಅದನ್ನು ಗುರುಸಂಗಪ್ಪನವರು ಒಂದು ಡಬ್ಬಿ ಸ್ಪೀಕರಿಗೆ ಹಾಕಿಸಿ, ಚಹಾದಂಗಡಿಯ ಪ್ಲಗ್ಗಿಗೆ ಸಿಕ್ಕಿಸಿ, ಬೇವಿನ ಮರಕ್ಕೆ ನೇತುಹಾಕಿದ್ದರು. ಬಸ್ಸು ಬಂದರೆ ಅದು ಹೊರಡುವ ತನಕ ಡಬ್ಬಿ ಐದೈದು ನಿಮಿಷಕ್ಕೊಮ್ಮೆ ಕೂಗುತ್ತದೆ. ಕೆಮ್ಮುವುದಿಲ್ಲ. ಚಹಾ ಕೇಳುವುದಿಲ್ಲ.

ಬೇರೆ ಯಾರಾದರೂ ತನ್ನ ಕಲ್ಲಿನ ಮೇಲೆ ಕಾಲಿಟ್ಟಿದ್ದರೆ ಹುಲುಗಣ್ಣ ಅವನ ಮೂರು ತಲೆಮಾರು ಬಿಡಿಸುತ್ತಿದ್ದ. ಈಗ ಬೈಯಬೇಕಾದದ್ದು ತನ್ನನ್ನೇ, ಅದೂ ಐದೂ ತಾಲ್ಲೂಕು ಗಟ್ಟಿ ಇದ್ದ ತನ್ನನ್ನು. ಅವನು ಗುರುಸಂಗಪ್ಪನವರಿಗೆ ಫೋನು ಹಚ್ಚಿದ.

“ನೀ ಬ್ಯಾಡ ಅಂತ ನಾ ಅಂದಿಲ್ಲಪ,” ಎಂದರು ಅವರು. “ನಾಕೂ ಊರು ಒಂದ ಉಸಿರಿನಾಗ ಕೂಗು, ಅವತ್ತ ಡಬ್ಬಿ ಇಳಸ್ತೀನಿ. ಅರ್ಧಕ್ಕ ನಿಂತ್ರ ಜನ ತಪ್ಪು ತಿಳಕೊಂತಾರ, ನಿನಗೂ ಗೊತ್ತೈತಿ.”

ಮುಂದಿನ ವಾರ ಹುಬ್ಬಳ್ಳಿಗೆ ತೋರಿಸಲು ಹೋದಾಗ ಡಾಕ್ಟರು ಆಕ್ಸಿಜನ್ ಇನ್ನು ಬೇಡ ಎಂದರು. ಕೂಗಬಹುದು ಎಂದು ಅವರೇನೂ ಹೇಳಲಿಲ್ಲ. ಹುಲುಗಣ್ಣ ಕೇಳಲೂ ಇಲ್ಲ. ಮರುದಿನವೇ ಟವೆಲ್ಲು ಹಾಕಿಕೊಂಡು, ಜಂಬಕ್ಕ ಹಿತ್ತಲಿನಲ್ಲಿದ್ದಾಗ ಮನೆ ಬಿಟ್ಟ. ಡಬ್ಬಿಯ ತಂತಿ ಕಿತ್ತ. ಕಲ್ಲಿನ ಮೇಲೆ ಕಾಲಿಟ್ಟ.

“ಕೊಟ್ಟೂರ್ ಹಗರಿಬೊಮ್ಮನಹಳ್ಳಿ...”

ಅಷ್ಟೇ. ಉಸಿರು ಮುಗಿಯಿತು. ಅವನು ಬಾಯಿ ತೆರೆದು ಗಾಳಿಗಾಗಿ ತಡಕಾಡುತ್ತಿದ್ದಾಗ, ಬಸ್ಸಿನೊಳಗೆ ಅಂಜಿನಕ್ಕ ಎದ್ದು ನಿಂತಳು. ಅವಳಿಗೆ ಹಡಗಲಿಯಲ್ಲಿ ಮಗಳ ಮನೆ. ಬುಟ್ಟಿಯಲ್ಲಿ ಒಂದು ಕೋಳಿ.

“ಇಳೀರಿ ಇಳೀರಿ, ಇವತ್ತ ಹಗರಿಬೊಮ್ಮನಹಳ್ಳಿ ಮುಂದ ಹೋಗಂಗಿಲ್ಲಂತ!”

ಅವಳ ಹಿಂದೆ ಹಡಗಲಿಯವರು ಇಳಿದರು, ಹರಪನಹಳ್ಳಿಗೆ ಸುತ್ತುಹಾಕಿ ಹೋಗುವ ಪುಣ್ಯಾತ್ಮರೂ ಇಳಿದರು. ಚೌಡಣ್ಣ ಹಾರನ್ ಹೊಡೆದು “ಹೋಗತೈತ್ರೋ, ಹೋಗತೈತಿ!” ಎಂದರೂ ಯಾರೂ ನಂಬಲಿಲ್ಲ. ಡ್ರೈವರನಿಗೇನು ಗೊತ್ತು? ಹುಲುಗಣ್ಣ ನಿಲ್ಲಿಸಿದಮೇಲೆ ನಿಲ್ಲಿಸಿದ. ಬಸ್ಸು ಅರ್ಧ ಬರಿದಾಗಿ ಹೋಯಿತು. ಹದಿನಾಲ್ಕು ಜನ ಮತ್ತು ಒಂದು ಕೋಳಿ ಬೇವಿನ ಮರದ ಕೆಳಗೆ ಎರಡು ತಾಸು ಬೇರೆ ಬಸ್ಸಿಗೆ ಕಾದರು. ಡಬ್ಬಿ ಮತ್ತೆ ಮರವೇರಿತು.

“ಓಡಿ ಹೋಗಿ ಏನ್ ಗೆದ್ಕೊಂಡು ಬಂದ್ರಿ?” ಎಂದಳು ಜಂಬಕ್ಕ.

ಆಮೇಲೆ ಅವನು ಸಂಘಮಿತ್ರಾಳಿಗೆ ಶರಣಾದ. ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ಗಾಳಿ ಎಳೆದು, ಹೊಟ್ಟೆ ಉಬ್ಬಿಸುವುದನ್ನು ಕಲಿತ. ಗಂಡಸಾದವನು ಎದೆ ಉಬ್ಬಿಸಬೇಕೇ ಹೊರತು ಹೊಟ್ಟೆಯನ್ನಲ್ಲ ಎಂಬ ತಕರಾರನ್ನು ಎರಡೇ ದಿನದಲ್ಲಿ ಬಿಟ್ಟ. ತುಟಿಯನ್ನು ಸಣ್ಣಗೆ ಮಾಡಿ, ಬಿಸಿ ಚಹಾ ಆರಿಸುವವರಂತೆ, ಎಳೆದುಕೊಂಡದ್ದರ ಎರಡರಷ್ಟು ಹೊತ್ತು ಊದಿ ಬಿಡುವುದನ್ನು ಕಲಿತ. ಬೀದಿಯಲ್ಲಿ ವಿದ್ಯುತ್ ಕಂಬದಿಂದ ಕಂಬಕ್ಕೆ ನಡೆದ. ಮೊದಲು ಎರಡು ಕಂಬ, ಆಮೇಲೆ ಆರು, ಆಮೇಲೆ ಲೈನ್‌ಮನ್ನನಿಗಿಂತ ಚೆನ್ನಾಗಿ ಆ ಬೀದಿಯ ಕಂಬಗಳ ಗುರುತಾಯಿತು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ತುಟಿ ಸಣ್ಣಗೆ ಮಾಡಿಕೊಂಡೇ ಕೈ ಎತ್ತುತ್ತಿದ್ದ. ಮುತ್ತು ಕೊಡಲು ಬಂದಂತೆ ಕಾಣುತ್ತದೆಂದು ಓಣಿಯ ಹೆಂಗಸರು ಜಂಬಕ್ಕನಿಗೆ ದೂರು ಕೊಟ್ಟರು.

ಮೂರನೆಯ ತಿಂಗಳಿಗೆ ಎರಡು ಗುಂಡು ಎದ್ದು ನಿಂತವು. ಪುಸ್ತಕದಲ್ಲಿ ಹಡಗಲಿ ಬಂತು. ಅದರ ಮುಂದೆ ಎರಡು ವಾರ ಏನೂ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಕಟ್ಟೆಯ ಮೇಲೆ ಒಬ್ಬನೇ ಕೂತು ಹೊಟ್ಟೆ ತುಂಬ ಗಾಳಿ ಎಳೆದುಕೊಂಡು ಕೂಗಿದಾಗ, ಹರಪನಹಳ್ಳಿ ಪೂರ್ತಿ ಹೊರಗೆ ಬಂತು. ಉದ್ದ ‘ಳ್ಳೀ’ ಇರಲಿಲ್ಲ. ಇದ್ದದ್ದು ಗಿಡ್ಡ ‘ಳ್ಳಿ’. ಆದರೆ ಊರು ಬಂದಿತ್ತು. ಸಾಕ್ಷಿಗೆ ಎಮ್ಮೆ ಒಂದೇ.

“ಎಮ್ಮೆ ಹೇಳಿದ್ರೆ ನಾನು ಬರ್ಕೊಳ್ಳಲ್ಲ,” ಎಂದಳು ಸಂಘಮಿತ್ರಾ. “ಬೆಳಗ್ಗೆ ನಿಲ್ದಾಣಕ್ಕೇ ಬರ್ತೀನಿ. ಒಂದೇ ಸಲ. ಆಗದಿದ್ರೆ ಹಟ ಮಾಡಂಗಿಲ್ಲ.”

ಮರುದಿನ ಗುರುಸಂಗಪ್ಪನವರೂ ಬಂದು ಚಹಾದಂಗಡಿಯ ಬೆಂಚಿನಲ್ಲಿ ಕೂತರು. ಜಂಬಕ್ಕ ನೀರಿನ ಬಾಟಲಿ ಹಿಡಿದು ನಿಂತಳು. ಡಬ್ಬಿ ತನ್ನ ಪಾಡಿಗೆ ಕೂಗಿ ಜನರನ್ನು ಹತ್ತಿಸಿತ್ತು; ಅಂಜಿನಕ್ಕನೂ ಹತ್ತಿದ್ದಳು, ಬುಟ್ಟಿಯಲ್ಲಿ ಇನ್ನೊಂದು ಕೋಳಿ. ಹುಲುಗಣ್ಣ ಕಲ್ಲಿನ ಮೇಲೆ ಕಾಲಿಟ್ಟು ಹೊಟ್ಟೆ ಉಬ್ಬಿಸಿದ. ಆಗ ಚೌಡಣ್ಣ ಫೋನು ಕಿವಿಗೆ ಹಿಡಿದು ಓಡಿಬಂದ.

“ಲೇ ಹುಲುಗ, ತಡಿ! ರಾತ್ರಿ ಮಳಿಗೆ ಹಡಗಲಿ ರಸ್ತೇದಾಗ ಸೇತುವಿ ಕುಸದೈತಂತ. ಇವತ್ತ ಹಗರಿಬೊಮ್ಮನಹಳ್ಳಿ ತನಕ ಅಷ್ಟ!”

ಹುಲುಗಣ್ಣನ ಒಳಗಿನ ಗಾಳಿಯೆಲ್ಲ ಅಲ್ಲಲ್ಲೇ ನಿಂತಿತು. ಮೂರು ತಿಂಗಳು ಹೊಟ್ಟೆ ಉಬ್ಬಿಸಿ, ಕಂಬ ಎಣಿಸಿ, ಗುಂಡುಗಳ ಮುಂದೆ ಮಾನ ಕಳೆದುಕೊಂಡು ತಂದ ಹರಪನಹಳ್ಳಿ ಗಂಟಲಲ್ಲಿ ಸಿದ್ಧವಾಗಿ ಕೂತಿತ್ತು.

“ನಾಕೂ ಕೂಗಿಬಿಡ್ತೀನಿ. ಆಮ್ಯಾಲ ಹೇಳಿದ್ರಾತು,” ಎಂದು ಬೇಡಿಕೊಂಡ.

“ನಾಕೂ ಕೂಗಿದ್ರ ಇನ್ನಷ್ಟು ಮಂದಿ ಹತ್ತತಾರಲೇ! ಅವರನ್ನೆಲ್ಲ ಹಳ್ಳದಾಗ ಇಳಸ್ಲೇನು?”

ಏಜೆಂಟನಾದವನಿಗೆ ಧರ್ಮವೆಂಬುದೊಂದಿದೆ. ಹುಲುಗಣ್ಣ ಡಬ್ಬಿಯ ತಂತಿ ಕಿತ್ತು, ಕಣ್ಣು ಮುಚ್ಚಿಕೊಂಡು, “ಕೊಟ್ಟೂರ್ ಹಗರಿಬೊಮ್ಮನಹಳ್ಳೀ!” ಎಂದು ಕೂಗಿ, ಉಳಿದ ಅರ್ಧ ಉಸಿರನ್ನು ನುಂಗಿ ಬಾಯಿ ಮುಚ್ಚಿದ.

ಬಸ್ಸಿನಲ್ಲಿ ಒಬ್ಬಿಬ್ಬರು ಏಳಹೋದರು. ಅಂಜಿನಕ್ಕ ಅವರ ರಟ್ಟೆ ಹಿಡಿದು ಕೂರಿಸಿದಳು.

“ಕುಂದ್ರಿ, ಕುಂದ್ರಿ! ಹೋದ ಸಲ ಇಳದು ಎರಡ ತಾಸು ಒಣಗಿದ್ದು ಮರತ್ರೇನು? ಪಾಪ, ಹುಲುಗಣ್ಣಗ ಉಸಿರು ಸಾಲವಲ್ದು. ಬಸ್ ಹೋಗತೈತಿ.”

“ಹೌದು, ಪಾಪ,” ಎಂದಿತು ಬಸ್ಸು. ಎಲ್ಲರೂ ಕೂತರು. ಯಾರೋ ಕಿಟಕಿಯಿಂದ “ನೀರ್ ಕುಡಿಯಣ್ಣ, ಕುಂತ್ಕೊ” ಎಂದರು. ಕೆಳಗೆ ನಿಂತಿದ್ದ ಇಬ್ಬರು ಹಡಗಲಿಯವರೂ ಹತ್ತಿ ಕೂತರು, ಸುಮ್ಮನೆ ಅಲ್ಲ, ಹುಲುಗಣ್ಣನ ಬೆನ್ನು ತಟ್ಟಿ ಧೈರ್ಯ ಹೇಳಿ ಹತ್ತಿ ಕೂತರು.

ಆಸ್ಪತ್ರೆಯಲ್ಲಿ ಪಕ್ಕೆ ಕೊಯ್ದಾಗಲೂ ಹುಲುಗಣ್ಣನಿಗೆ ಇಷ್ಟು ನೋವಾಗಿರಲಿಲ್ಲ. ಪಾಪ! ಅವನಿಗೆ! ಅದೂ ಒಳಗೆ ಉಸಿರು ಇಟ್ಟುಕೊಂಡಿರುವಾಗ! ಟವೆಲ್ಲನ್ನು ಕಲ್ಲಿನ ಮೇಲೆ ಒಗೆದ. ಹೊಟ್ಟೆಯ ಮೇಲೆ ಕೈಯಿಟ್ಟ. ಮೂಗಿನಿಂದ ನಿಧಾನವಾಗಿ, ಎಳನೀರು ಹೀರಿದ ಹಾಗೆ, ನಾಲ್ಕೂ ತಾಲ್ಲೂಕಿನ ಮೂಲೆಮೂಲೆಗೆ ಗಾಳಿ ಎಳೆದುಕೊಂಡ.

“ಕೊಟ್ಟೂರ್ ಹಗರಿಬೊಮ್ಮನಹಳ್ಳಿ ಅಷ್ಟ, ಹಡಗಲಿ ಹರಪನಹಳ್ಳಿ ಇವತ್ತ ಹೋಗಂಗಿಲ್ಲಾ...!”

ಬೇವಿನ ಮರದ ಕಾಗೆಗಳು ಎದ್ದವು. ಬಸ್ಸು ಅರ್ಧ ತೆರವಾಯಿತು. ಅಂಜಿನಕ್ಕ ಬುಟ್ಟಿ ಹೊತ್ತು ಎಲ್ಲರಿಗಿಂತ ಕೊನೆಗೆ ಇಳಿದಳು.

“ಇಷ್ಟ ಉಸಿರು ಇಟ್ಕೊಂಡು ಮೊದಲ ಹೇಳಾಕ ಏನಾಗಿತ್ತು ನಿನಗ?”

ಹುಲುಗಣ್ಣ ಜೀವನದಲ್ಲಿ ಮೊದಲ ಸಲ ಆ ಕಲ್ಲಿನ ಮೇಲೆ ಕೂತಿದ್ದ. ಸಂಘಮಿತ್ರಾ ಅವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ್ದಳು. “ತೊಂಬತ್ತೊಂದು. ಮಾತಾಡಬ್ಯಾಡ್ರಿ. ತುಟಿ ಸಣ್ಣಗೆ ಮಾಡ್ರಿ. ಊದ್ರಿ... ತೊಂಬತ್ಮೂರು. ಊದ್ರಿ... ತೊಂಬತ್ತೈದು.” ಆಮೇಲೆ ಪುಸ್ತಕ ತೆಗೆದು, ಬರೆಯಲು ಹೋಗಿ, ನಿಂತಳು. ಅವಳ ಊರನ್ನೇನೋ ಅವನು ಮುಟ್ಟಿದ್ದ, ಆದರೆ ಅದನ್ನು ದಾಟಿ ಎರಡು ಮಾತು ಮುಂದೆ ಹೋಗಿದ್ದ. ಅಲ್ಲಿ ಬರೆಯಲು ಊರಿರಲಿಲ್ಲ.

“ಸಾಹುಕಾರ್ರೆ, ಇದು ಲೆಕ್ಕಕ್ಕ ಬರತೈತೇನ್ರಿ?” ಎಂದು ಚೌಡಣ್ಣ ಕೇಳಿದ. “ಹೋಗಂಗಿಲ್ಲ ಅಂತ ಕೂಗ್ಯಾನ.”

ಗುರುಸಂಗಪ್ಪನವರು ಚಹಾದ ಲೋಟ ಕೆಳಗಿಟ್ಟು ಯೋಚಿಸಿದರು. ಅಷ್ಟರಲ್ಲಿ ತಂತಿ ಜಾರಿದೆಯೆಂದು ಚಹಾದಂಗಡಿಯವನು ಅದನ್ನು ಮತ್ತೆ ಪ್ಲಗ್ಗಿಗೆ ಸಿಕ್ಕಿಸಿದ. ಡಬ್ಬಿ ಗಂಟಲು ಸರಿಮಾಡಿಕೊಂಡು, “ಕೊಟ್ಟೂರ್ ಹಗರಿಬೊಮ್ಮನಹಳ್ಳಿ ಹಡಗಲಿ ಹರಪನಹಳ್ಳೀ...!” ಎಂದು ಉತ್ಸಾಹದಿಂದ ಕೂಗಿತು. ಇಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಬಸ್ಸಿನ ಬಾಗಿಲಿಗೆ ನುಗ್ಗಿದರು. ಕೋಳಿ ಕಿರುಚಿಕೊಂಡಿತು.

ಗುರುಸಂಗಪ್ಪನವರು ತಾವೇ ಎದ್ದು ಹೋಗಿ, ತಂತಿಯನ್ನು ಕಿತ್ತು, ಡಬ್ಬಿಯನ್ನು ಮರದಿಂದ ಬಿಚ್ಚಿ ಜಂಬಕ್ಕನ ಕೈಗೆ ಕೊಟ್ಟರು. “ಮನಿಗೆ ಒಯ್ಯವ್ವ. ಇದಕ್ಕ ಉಸಿರು ಭಾಳ ಐತಿ, ತಿಳಿವಳಿಕಿ ಇಲ್ಲ.”

ಜಂಬಕ್ಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅದರ ಬೆನ್ನಿಗೆ ಒಂದು ಕೆಂಪು ಗುಂಡಿಯಿತ್ತು. ಒತ್ತಿದರೆ ಸದ್ದಡಗುತ್ತದೆ ಎಂದು ಚೌಡಣ್ಣ ವಿವರಿಸಿದ.

“ಮೂವತ್ತು ವರ್ಷ ಹುಡುಕಿದ್ದೆ ನೋಡ್ರಿ ಇದನ್ನ,” ಎಂದು ಗಂಡನ ಬೆನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ದಿಟ್ಟಿಸಿದಳು. ಹುಲುಗಣ್ಣ ಏನೋ ಹೇಳಹೋದ. ಸಂಘಮಿತ್ರಾ ಬೆರಳೆತ್ತಿದಳು. ಅವನು ತುಟಿ ಸಣ್ಣಗೆ ಮಾಡಿಕೊಂಡು ಊದುತ್ತ ಕೂತ.